ಬನ್ನಣ್ಣನ ಫ್ಲಾಸ್ಕು

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಟೀ ಅಂಗಡಿ ಇಟ್ಟುಕೊಂಡಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ಬನ್ನಣ್ಣ. ಬರೀ ಟೀ ಕೇಳಿದವರ ಕೈಗೂ ಅರ್ಧ ಬನ್ನು ತುರುಕುವುದು ಅವನ ಚಾಳಿ. "ಖಾಲಿ ಹೊಟ್ಟೇಲಿ ಟೀ ಕುಡೀಬಾರ್ದು, ಹಿಡ್ಕೊಳ್ಳಿ" ಎನ್ನುವನು. ಬೇಡ ಎಂದವರ ಮೇಲೆ ಮುಖ ಊದಿಸಿಕೊಳ್ಳುವನು. ವ್ಯಾಪಾರಕ್ಕೆ ಕೂತವನು ಹೀಗೆ ಹಂಚುತ್ತ ಹೋದರೆ ಅಂಗಡಿ ಉದ್ಧಾರವಾಗುತ್ತದೆಯೇ? ಆಗಲಿಲ್ಲ. ಮುಳುಗಲೂ ಇಲ್ಲ. ಅದು ಹೆಂಡತಿಯ ದೆಸೆಯಿಂದ. ಹಿಂದೆ ಕೂತು ಹಾಲು ಕಾಯಿಸುತ್ತ, "ರೀ, ಸಾಕು ನಿಮ್ಮ ಧಾರಾಳ, ಮಧ್ಯಾಹ್ನಕ್ಕೆ ಬನ್ನು ಉಳೀಬೇಕೋ ಬೇಡ್ವೋ" ಎಂದು ಗದರುವವಳು ಅವಳು.

ಜೋರಿನ ಹೆಂಗಸು. ಸಾಲ ಹೇಳಿ ಹೋಗುವವರು ಅವಳ ಕಣ್ಣು ತಪ್ಪಿಸಿಯೇ ಹೋಗಬೇಕು. ಉಂಡರೆ ಹೊಟ್ಟೆತುಂಬ ಉಣ್ಣುವವಳು. ಅಂಥವಳು ತಟ್ಟೆಯನ್ನು ಪಕ್ಕಕ್ಕೆ ಸರಿಸತೊಡಗಿದಾಗಲೇ ಬನ್ನಣ್ಣನಿಗೆ ಅನುಮಾನ ಬರಬೇಕಿತ್ತು. "ಗ್ಯಾಸು" ಎಂದಳು. ಈ ಭೋಳೆಶಂಕರ ನಂಬಿದ. ರವಿಕೆಗಳೆಲ್ಲ ಸಡಿಲವಾಗಿ, ಒಂದು ದಿನ ಹಾಲಿನ ಪಾತ್ರೆ ಎತ್ತಲಾರದೆ ಅಲ್ಲೇ ಕುಸಿದು ಕೂತಮೇಲೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಕರುಳಿನಲ್ಲಿ ಗಡ್ಡೆ ಎಂದರು. ಹೇಳಿದವಳು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದರೂ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು, ಹಳೆಯ ಕಾಗದದ ಹಿಂದೆ ಕರುಳಿನ ಚಿತ್ರ ಬಿಡಿಸಿ ತೋರಿಸಿದಳು. "ನೋಡಿ, ಇಷ್ಟನ್ನ ಕತ್ತರಿಸಿ ತೆಗೀತಾರೆ. ಈಗ ತೆಗೆದ್ರೆ ಬದುಕ್ಕೋತಾರೆ. ತಡ ಆದ್ರೆ ಹರಡತ್ತೆ, ಆಮೇಲೆ ನಾವೂ ಏನೂ ಮಾಡೋಕಾಗಲ್ಲ" ಎಂದಳು. ಓದಿದವರೊಬ್ಬರು ಇಷ್ಟು ಸಮಾಧಾನವಾಗಿ ತನಗೆ ಏನನ್ನಾದರೂ ತಿಳಿಸಿ ಹೇಳಿದ್ದು ಬನ್ನಣ್ಣನ ಜೀವಮಾನದಲ್ಲಿ ಅದೇ ಮೊದಲು. ಅವಳ ಕೈಗೂ ಒಂದು ಬನ್ನು ಇಟ್ಟ. ಅವಳು ತಿಂದಳು ಕೂಡ.

ಅದೇ ಆಸ್ಪತ್ರೆಯಲ್ಲಿ ವಾರ್ಡಿನ ಬಚ್ಚಲಿನ ಬಾಗಿಲಿಗೆ ಚಿಲಕವಿರಲಿಲ್ಲ. ಹೆಂಡತಿ ಒಳಗೆ ಹೋದಾಗಲೆಲ್ಲ ಬನ್ನಣ್ಣ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಲ್ಲಬೇಕು. ಮಂಚದ ಒಂದು ಕಾಲಿನ ಕೆಳಗೆ ಇಟ್ಟಿಗೆ. ಒಡೆದ ಕಿಟಕಿಗೆ ಯಾರದೋ ಎದೆಯ ಎಕ್ಸ್‌ರೇ ಅಂಟಿಸಿದ್ದರು. ಬಿಸಿಲು ಬಿದ್ದಾಗ ಅಪರಿಚಿತನೊಬ್ಬನ ಪಕ್ಕೆಲುಬುಗಳು ಅವಳ ಹೊದಿಕೆಯ ಮೇಲೆ ಮೂಡುತ್ತಿದ್ದವು. ಎರಡು ವಾರ್ಡಿಗೆ ಒಬ್ಬಳೇ ಸಿಸ್ಟರು. ಅವಳ ಬಾಯಿ ಬಲು ಖಾರ.

ಈ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಬೇರೆ ಕಡೆಯಿಂದ ಬರುವವರು, ಬರುವುದು ಸೋಮವಾರ ಮಾತ್ರ. ಹಿಂದಿನ ರಾತ್ರಿಯಿಂದಲೇ ರೋಗಿಯ ಬಾಯಿಗೆ ಏನೂ ಹಾಕುವಂತಿಲ್ಲ. ಸಿಸ್ಟರು ಬನ್ನಣ್ಣನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದ್ದಳು. "ಪ್ರಜ್ಞೆ ತಪ್ಪಿಸೋಕೆ ಮತ್ತು ಕೊಟ್ಟಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಾನೇ ಹೋಗತ್ತೆ. ಪ್ರೀತಿ ಉಕ್ಕಿ ಬಂತು ಅಂತ ಏನಾದ್ರೂ ತಿನ್ನಿಸಿದ್ರೆ ನೀವೇ ಕೊಂದ ಹಾಗೆ. ಅರ್ಥ ಆಯ್ತಾ?" ಬನ್ನಣ್ಣ ತಲೆಯಾಡಿಸಿದ್ದ.

ಮೊದಲ ಸೋಮವಾರ ಅವಳು ಉಪವಾಸ ಕೂತಳು. ಮಧ್ಯಾಹ್ನ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ಸುದ್ದಿ ಬಂತು, ಉಪಕರಣ ಕುದಿಸುವ ಯಂತ್ರ ಕೆಟ್ಟಿದೆ, ಊಟ ಕೊಡಿ. ಮುಂದಿನ ಸೋಮವಾರ ಲಾರಿಗೆ ಸಿಕ್ಕವರನ್ನು ಸಾಲಾಗಿ ತಂದರು. ಅದಕ್ಕೆ ಯಾರು ಏನೆನ್ನಲಾದೀತು? ಊಟದ ಗಾಡಿಯ ಜೊತೆಗೇ ಸುದ್ದಿ, ಇವತ್ತಿಲ್ಲ, ಊಟ ಕೊಡಿ. ಅದರ ಮುಂದಿನ ವಾರ ಮತ್ತಿನ ಮದ್ದು ಕೊಡುವ ಡಾಕ್ಟರೇ ಬರಲಿಲ್ಲ. ಊಟ ಕೊಡಿ. ಒಂದೊಂದು ಉಪವಾಸಕ್ಕೂ ಅವಳು ಇಷ್ಟಿಷ್ಟೇ ಕರಗಿದಳು. ಬೈಯುವ ಶಕ್ತಿ ಹೋಯಿತು. ಬೈಯದ ಹೆಂಡತಿ ಬನ್ನಣ್ಣನಿಗೆ ಅಭ್ಯಾಸವಿರಲಿಲ್ಲ.

ಅಂಗಡಿಯನ್ನು ಬಾಮೈದನಿಗೆ ಒಪ್ಪಿಸಿದ್ದ. ಅವನು ಕಾಯಿಸಿದ ಟೀಗೆ ಗಿರಾಕಿಗಳು ಮೂಗು ಮುರಿಯುತ್ತಿದ್ದರಂತೆ. ಆದರೂ ದಿನಾ ಬೆಳಗ್ಗೆ ಫ್ಲಾಸ್ಕು ತುಂಬಿಸಿ, ಬನ್ನು ಕಟ್ಟಿ ತಂದುಕೊಡುತ್ತಿದ್ದ. "ಭಾವ, ನೀವಾದ್ರೂ ತಿನ್ನಿ" ಎನ್ನುತ್ತಿದ್ದ. ಅವಳು ಉಪವಾಸವಿದ್ದ ದಿನ ಬನ್ನಣ್ಣನ ಗಂಟಲಲ್ಲೂ ಏನೂ ಇಳಿಯುತ್ತಿರಲಿಲ್ಲ.

ನಾಲ್ಕನೆಯ ಸೋಮವಾರ ಬಂತು. ಬೆಳಗಿನಿಂದ ಬಾಗಿಲನ್ನೇ ನೋಡುತ್ತ ಇಬ್ಬರ ಕಣ್ಣೂ ಸೋತವು. ಊಟದ ಗಾಡಿ ಬಂತು. ಗಾಡಿಯವನು ಇವರ ಮಂಚದ ಹತ್ತಿರ ನಿಂತು ಕೇಳಿದ.

"ಇವತ್ತೂ ಇಲ್ವಾ?"

"ಯಾರೂ ಏನೂ ಹೇಳಿಲ್ಲಪ್ಪ."

"ಇಷ್ಟೊತ್ತಾದ್ಮೇಲೆ ಇನ್ಯಾರನ್ನ ಕರೀತಾರೆ ಬಿಡಿ. ತಟ್ಟೆ ಇಟ್ಟು ಹೋಗಿರ್ತೀನಿ, ಆಮೇಲೆ ಬಂದ್ರೆ ಗಾಡೀಲಿ ಉಳಿದಿರಲ್ಲ."

ಕೆಟ್ಟವನಲ್ಲ ಅವನು. ಕನಿಕರದಿಂದಲೇ ಇಟ್ಟು ಹೋದ. ಬನ್ನಣ್ಣ ಸಿಸ್ಟರನ್ನು ಕೇಳೋಣವೆಂದು ಹೋದ. ಮೇಜಿನ ಹತ್ತಿರ ಕುರ್ಚಿ ಖಾಲಿ. ಪಕ್ಕದ ವಾರ್ಡಿನಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು, ಅವಳು ಅಲ್ಲಿದ್ದಳು. ಸ್ವಲ್ಪ ಹೊತ್ತು ಕಾದು ವಾಪಸು ಬಂದ.

"ರೀ, ಒಂದೇ ಒಂದು ಗುಟುಕು ಟೀ ಕೊಡಿ. ನಾಲಿಗೆ ಅಂಟ್ಕೊಂಡಿದೆ" ಎಂದಳು ಹೆಂಡತಿ.

ಒಡೆದು ಬಿಳಿಚಿಕೊಂಡಿದ್ದ ಅವಳ ತುಟಿ ನೋಡಿ ಬನ್ನಣ್ಣನ ಮನಸ್ಸು ತಡೆಯಲಿಲ್ಲ. ಮೂರು ವಾರ ಊಟದ ಗಾಡಿಯೇ ಸುದ್ದಿ ತಂದಿತ್ತು, ಇವತ್ತೂ ಅದೇ ಸುದ್ದಿ ಎಂದುಕೊಂಡ. ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿದ. ಅವಳು ಕೇಳಿದ್ದು ಟೀ ಮಾತ್ರ. ಆದರೆ ಕೈ ತಾನಾಗಿ ಪೊಟ್ಟಣಕ್ಕೆ ಹೋಯಿತು. "ಖಾಲಿ ಹೊಟ್ಟೇಲಿ ಟೀ ಕುಡೀಬಾರ್ದು ಕಣೇ" ಎಂದು ಬನ್ನು ಮುರಿದು, ಟೀಯಲ್ಲಿ ಅದ್ದಿ ಅದ್ದಿ ತಿನ್ನಿಸಿದ. ಅವಳೂ ಮಗುವಿನ ಹಾಗೆ ಬಾಯಿ ತೆರೆದು ತೆರೆದು ಪೂರ್ತಿ ತಿಂದಳು. ಎಷ್ಟೋ ದಿನದ ಮೇಲೆ ಅವಳು ಆಸೆಪಟ್ಟು ತಿಂದದ್ದು ನೋಡಿ ಅವನಿಗೆ ಕಣ್ತುಂಬಿ ಬಂತು.

ಲೋಟ ಕೆಳಗಿಡುವಷ್ಟರಲ್ಲಿ ಬಾಗಿಲಲ್ಲಿ ಸ್ಟ್ರೆಚರ್ ಕಾಣಿಸಿತು.

"ಹತ್ತಮ್ಮ, ಬೇಗ. ದೊಡ್ಡ ಡಾಕ್ಟ್ರು ಕಾಯ್ತಿದಾರೆ" ಎಂದ ತಳ್ಳುವವನು. ಹಿಂದೆಯೇ ಸಿಸ್ಟರು ಓಡಿಬಂದಳು. "ಏನೂ ತಿಂದಿಲ್ಲ ತಾನೇ?"

ಬನ್ನಣ್ಣ ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂಗೈಯಿಂದ ತುಟಿ ಒರೆಸಿಕೊಂಡು, "ಇಲ್ಲ ಸಿಸ್ಟರ್, ತೊಟ್ಟು ನೀರೂ ಇಲ್ಲ" ಎಂದಳು. ಸ್ಟ್ರೆಚರ್ ಮೇಲೆ ಮಲಗುತ್ತ ಅವನ ಮಣಿಕಟ್ಟು ಹಿಡಿದು ಎಳೆದು, ಕಿವಿಯಲ್ಲಿ ಹೇಳಿದಳು. "ಬಾಯಿಬಿಟ್ಟೀರಾ ಜೋಕೆ. ನಂಗೆ ಬದುಕ್ಬೇಕು ಕಣ್ರೀ."

ಉದ್ದನೆಯ ಕಾರಿಡಾರು. ನೆಲದ ಮೇಲೆ ಮಲಗಿದವರು ಕಾಲು ಮಡಚಿ ದಾರಿ ಬಿಟ್ಟರು. ಬನ್ನಣ್ಣ ಸ್ಟ್ರೆಚರಿನ ಸರಳು ಹಿಡಿದು ನಡೆದ. ಹೇಳಿದರೆ ಸರದಿ ಹೋಗುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಹೇಳದಿದ್ದರೆ ಅವಳು ಆ ಬಾಗಿಲಿನಿಂದ ಹೊರಗೆ ಬರುವಳೋ ಇಲ್ಲವೋ. ಎರಡಕ್ಕೂ ಕಾರಣ ತನ್ನ ಕೈ. ಆ ಕೈಯನ್ನು ಕತ್ತರಿಸಿ ಎಸೆಯಬೇಕೆನ್ನಿಸಿತು. ಆಪರೇಷನ್ ಕೋಣೆಯ ಬಾಗಿಲು ತೆರೆಯಿತು, ಸ್ಟ್ರೆಚರ್ ಒಳಗೆ ಜಾರಿತು, ಬಾಗಿಲು ಮುಚ್ಚಿಕೊಂಡಿತು. ಆಗ ಬನ್ನಣ್ಣ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದ.

"ತಿಂದಿದ್ದಾಳೆ! ಡಾಕ್ಟ್ರೇ, ತಿಂದಿದ್ದಾಳೆ! ನಾನೇ ತಿನ್ನಿಸ್ದೆ!"

ಚಿಕ್ಕ ಡಾಕ್ಟರಮ್ಮ ಹೊರಗೆ ಬಂದಳು. ಬೈಯುತ್ತಾಳೆಂದುಕೊಂಡ, ಬೈಯಲಿಲ್ಲ. ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಬರೀ ಒಂದು ಗುಟುಕು ಟೀ ಆಗಿದ್ರೆ ಸಂಜೆವರೆಗೆ ಕಾದು ನೋಡ್ತಿದ್ವೇನೋ. ಬನ್ನು ತಿನ್ನಿಸಿದ್ದೀರಿ. ಆಗಲ್ಲ" ಎಂದಳು.

ಪಕ್ಕದ ಮಂಚದ ಅಜ್ಜಿಯೂ ಅದೇ ಡಾಕ್ಟರಿಗಾಗಿ ಉಪವಾಸ ಕಾಯುತ್ತಿದ್ದಳು. ಹೆಂಡತಿಯನ್ನು ವಾಪಸು ತಂದ ಸ್ಟ್ರೆಚರಿನಲ್ಲೇ ಅಜ್ಜಿಯನ್ನು ಕರೆದೊಯ್ದರು. ಆಪರೇಷನ್ ಚೆನ್ನಾಗಿ ಆಯಿತು. ಸಂಜೆ ಅಜ್ಜಿಯ ಮಗಳು ಬಂದು ಬನ್ನಣ್ಣನಿಗೆ ಕೈಮುಗಿದಳು. "ಅಣ್ಣಾ, ದೊಡ್ಡ ಡಾಕ್ಟ್ರು ಇನ್ನು ರಜೆ ಅಂತೆ, ಯಾವಾಗ ಬರ್ತಾರೋ ಗೊತ್ತಿಲ್ವಂತೆ. ಇವತ್ತು ನಿಮ್ಮಿಂದ ನಮ್ಮಮ್ಮ ಬದುಕಿದ್ರು" ಎಂದಳು. ಪಾಪ, ಅವಳಿಗೆ ನಿಜಕ್ಕೂ ಸಂತೋಷವಾಗಿತ್ತು. ಬನ್ನಣ್ಣ ತಲೆಯಾಡಿಸಿದ.

ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸಿಸ್ಟರು ಬಂದು ಡ್ರಿಪ್ ಹಾಕಿದಳು, ಕೂದಲು ನೇವರಿಸಿದಳು. ಡಾಕ್ಟರಮ್ಮ ಬಂದು, "ಬೇರೆ ಡಾಕ್ಟ್ರಿಗೆ ಹೇಳಿ ನೋಡ್ತಿದೀನಿ. ಯಾವಾಗ ಬೇಕಾದ್ರೂ ಕರೀಬಹುದು, ಧೈರ್ಯವಾಗಿರಿ" ಎಂದಳು. ಸಮಾಧಾನಕ್ಕೆ ಹೇಳಿದ ಮಾತು ಅದು. ಬನ್ನಣ್ಣನಿಗೂ ಅದು ತಿಳಿಯಿತು. ಹೆಂಡತಿ ಮಾತ್ರ ತಟ್ಟನೆ ಈ ಕಡೆ ತಿರುಗಿದಳು.

ಮರುದಿನ ಬೆಳಗ್ಗೆ ಬಾಮೈದ ಫ್ಲಾಸ್ಕು ತಂದ. ಬನ್ನಣ್ಣ ಲೋಟ ಹಿಡಿದ. ಅವಳು ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಳು.

"ಅಕ್ಕಾ, ಇವತ್ತು ಆಪರೇಷನ್ ಇಲ್ಲ ಕಣೇ. ಕುಡಿ" ಎಂದ ಬಾಮೈದ.

"ಯಾವಾಗ ಬೇಕಾದ್ರೂ ಕರೀಬಹುದು ಅಂದ್ರಲ್ಲ. ಕರೆದಾಗ ಹೊಟ್ಟೆ ಖಾಲಿ ಇರ್ಬೇಕು."

ಸಿಸ್ಟರು ಹೇಳಿದಳು, ಡಾಕ್ಟರಮ್ಮ ಕೂತು ತಿಳಿಸಿ ಹೇಳಿದಳು. ತಿನ್ನದಿದ್ದರೆ ಆಪರೇಷನ್ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ ಎಂದಳು. ಹೆಂಡತಿ ಎಲ್ಲದಕ್ಕೂ ಹೂಂಗುಟ್ಟಿ ತುಟಿ ಬಿಗಿದುಕೊಂಡಳು. ಅವರು ಹೋದಮೇಲೆ ಬನ್ನಣ್ಣ ಮಂಚದ ಪಕ್ಕ ನೆಲದ ಮೇಲೆ ಕೂತು ಬನ್ನಿನ ಚೂರೊಂದನ್ನು ಅವಳ ಬಾಯಿಯ ಹತ್ತಿರ ಹಿಡಿದ. ಬಸ್‌ಸ್ಟ್ಯಾಂಡಿನ ಜನಕ್ಕೆಲ್ಲ ಗದರಿ ತಿನ್ನಿಸಿದವನು ಗೋಗರೆದ. "ತಪ್ಪಾಯ್ತು ಕಣೇ. ಒಂದೇ ಒಂದು ತುತ್ತು. ನನ್ನಾಣೆ."

"ನಿಮ್ಮ ಕೈ ತುತ್ತು ಸಾಕು ಬಿಡಿ" ಎಂದಳು. ಕೋಪವೇನೂ ಇರಲಿಲ್ಲ ಆ ದನಿಯಲ್ಲಿ. ಕೋಪವಿದ್ದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಕಾರಿಡಾರಿನಲ್ಲಿ ಗಾಲಿಗಳ ಸದ್ದು ಕೇಳಿಸಿತು. ಅವಳು ಮೊಣಕೈ ಊರಿ ಎದ್ದು ಕೂತಳು, ಕೂದಲು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದಳು. ಒಳಗೆ ಬಂದದ್ದು ಊಟದ ಗಾಡಿ.