ಮೇಷ್ಟರ ಮಡಿ

ಮದರಾಸಿನ ಅಡ್ಯಾರಿನಲ್ಲಿ ನಮ್ಮ ಮೇಲಿನ ಮನೆಯವರು ಗಿಟಾರ್ ಮೇಷ್ಟರು. ಅಜ್ಜನ ಕಾಲದಿಂದಲೂ ಆ ಊರಿನಲ್ಲೇ ಇದ್ದುದರಿಂದ ಅವರ ಕನ್ನಡದಲ್ಲಿ ಅರ್ಧ ತಮಿಳು. ಏನಾದರೂ ಕೇಳಿದರೆ ಮೊದಲು ಒಂದು ತಂತಿ ಮೀಟಿ, ಅದರ ನಾದ ಪೂರ್ತಿ ಅಡಗಿದ ಮೇಲೆಯೇ ಉತ್ತರ ಕೊಡುತ್ತಿದ್ದರು.

ಸ್ಕೂಟರಿನಿಂದ ಬಿದ್ದ ಮೇಲೆ ನನ್ನ ಬಲಭುಜ ಸರಿಯಾಗಿ ಏಳುತ್ತಿರಲಿಲ್ಲ. ನನ್ನ ದೊಡ್ಡ ಗಿಟಾರಿನ ಮೇಲೆ ತೋಳು ಹಾಕಿದರೆ ನೋವು ಕತ್ತಿನವರೆಗೆ ಹತ್ತುತ್ತಿತ್ತು. ಇನ್ನು ನುಡಿಸುವುದು ಮುಗಿಯಿತೆಂದುಕೊಂಡು, ಅದನ್ನು ಅವರ ಶಿಷ್ಯರಿಗಾಗಲಿ ಎಂದು ಮೇಲಕ್ಕೆ ಒಯ್ದು, ಭುಜದ ಕತೆ ಹೇಳಿದೆ.

ಮೇಷ್ಟರು ಒಳಗಿನಿಂದ ಸಣ್ಣ ಒಡಲಿನ ಗಿಟಾರೊಂದನ್ನು ತಂದರು. "ಇದನ್ನ ಮಡಿಯಲ್ಲಿ ಇಟ್ಕೊಮ್ಮಾ."

ನಾನು ಮೈಸೂರಿನವಳು, ಹಿಂಜರಿದೆ. "ಸ್ನಾನ ಆಗಿದೆ ಸಾರ್. ಆದ್ರೆ ಬಟ್ಟೆ ಮಡೀದಲ್ಲ."

ಅವರು ನಕ್ಕು ತೊಡೆ ತಟ್ಟಿ ತೋರಿಸಿದರು. "ಅಯ್ಯೋ, ಆ ಮಡಿ ಇಲ್ಲಮ್ಮಾ, ಈ ಮಡಿ! ಗಿಟಾರ್‌ಗೆ ಎನ್ನ ಆಚಾರ?" ತಮಿಳಿನ ಮಡಿ ನಮ್ಮ ಮಡಿಲು, ಅವರ ಎನ್ನ ನಮ್ಮ ಏನು.

"ಇಷ್ಟು ಚಿಕ್ಕದ್ರಲ್ಲಿ ಏನು ಕೇಳ್ಸತ್ತೆ ಸಾರ್?"

ಅವರು ಒಂದು ತಂತಿ ಮೀಟಿ ಕಾದರು. "ಊರಿಗೆಲ್ಲ ಯಾಕೆ? ನಿನಗೆ ಕೇಳಿದ್ರೆ ಪೋದುಂ, ಸಾಕು."

ಮಡಿಲಲ್ಲಿಟ್ಟುಕೊಂಡೆ. ಭುಜ ಎತ್ತಬೇಕಾಗಲಿಲ್ಲ, ಕೈ ತಾನಾಗಿ ತಂತಿಗೆ ಇಳಿಯಿತು. ದೊಡ್ಡದರ ಗುಡುಗು ಇದಕ್ಕಿರಲಿಲ್ಲ. ಆದರೆ ಬೆರಳ ತುದಿಯಿಂದ ಮೆಲ್ಲಗೆ ಮೀಟಿದರೂ ಒಂದೊಂದು ಸ್ವರವೂ ಬಿಡಿಯಾಗಿ, ನಿಚ್ಚಳವಾಗಿ ಕೇಳಿತು. ನೋವಿಗಾಗಿ ಕಾದೆ. ಅದು ಬರಲಿಲ್ಲ. ಇನ್ನೊಮ್ಮೆ ನುಡಿಸಿದೆ.

ಮೇಷ್ಟರು ನನ್ನ ಭುಜದ ಬಗ್ಗೆ ಏನೂ ಕೇಳಲಿಲ್ಲ. ತಂತಿ ಒತ್ತುತ್ತಿದ್ದ ನನ್ನ ಎಡಗೈಯನ್ನೇ ನೋಡುತ್ತಿದ್ದರು.

"ಉಗುರು ಬೆಳೆಸಿಬಿಟ್ಟಿದೀಯ," ಎಂದರು. "ನಾಳೆ ಕತ್ತರಿಸ್ಕೊಂಡು ಬಾ."