ವಿಪರೀತದ ಹಾಲೇಶಪ್ಪ

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಕಡೆ ಯಾರನ್ನು ಕೇಳಿದರೂ ಪಾತ್ರೆ ಅಂಗಡಿ ಹಾಲೇಶಪ್ಪನಿಗೆ ಒಂದೇ ಹೆಸರು: ವಿಪರೀತದ ಹಾಲೇಶಪ್ಪ. ಅಂಗಡಿಯಲ್ಲಿ ಕೂರುವವಳು ಹೆಂಡತಿ ಅನ್ನದಾನಮ್ಮ, ಮನೆಯಲ್ಲಿ ರೊಟ್ಟಿ ಬಡಿಯುವವನು ಇವನು. ಗಿರಾಕಿ ಚೌಕಾಸಿಗೆ ನಿಂತರೆ ಇವನು ಕರಗಿಬಿಡುತ್ತಿದ್ದ. ಅವಳು ರೊಟ್ಟಿ ಬಡಿದರೆ ಹರಿಯುತ್ತಿತ್ತು. ಅದಕ್ಕೇ ಈ ಅದಲುಬದಲು. 'ವಿಪರೀತ' ಅಂದರೆ ವಿಪರೀತ ಒಳ್ಳೆಯವನು ಅಂತಲೇ ತಿಳಿದು ಹಾಲೇಶಪ್ಪ ಒಳಗೊಳಗೇ ಹಿಗ್ಗುತ್ತಿದ್ದ.

ಮಗಳು ಅಮೃತಾ ಕೂಡ್ಲಿಗಿಯಲ್ಲಿ ಕನ್ನಡ ಟೀಚರ್. ಅವಳನ್ನು ನೋಡಲು ಹಿರೇಹಡಗಲಿಯಿಂದ ಗುರುಬಸವರಾಜ ಬಂದ, ಜೊತೆಗೆ ಅವನ ಸೋದರತ್ತೆ ಹಂಪಮ್ಮ. ಬಸ್ಸಿಳಿದವಳೇ ಆಕೆ ಎಲೆಅಡಿಕೆ ಅಂಗಡಿಯಲ್ಲಿ ವಿಚಾರಿಸಿದ್ದಳು. "ಹಾಲೇಶಪ್ಪರಾ? ಭಾಳ ವಿಪರೀತ ಬಿಡ್ರಿ" ಅಂದಿದ್ದ ಅಂಗಡಿಯವನು.

ಮನೆಗೆ ಬಂದ ಹಂಪಮ್ಮ, ನೀರು ಕೊಡಲು ಬಾಗಿದ ಹಾಲೇಶಪ್ಪನ ಬಾಯಿ ಮೂಸಿಯೇ ನೋಡಿದಳು.

"ವಿಪರೀತ ಅಂತಾರಲ್ರಿ, ಎಷ್ಟು ಕುಡೀತೀರಿ?"

"ಬಿಸಲಿಗಿ ಒಂದು ಕೊಡ ಖಾಲಿ ಆಗತೈತ್ರಿ."

"ಅಯ್ಯ ಶಿವನ! ಕೊಡದಾಗ!"

ಅಮೃತಾಗೆ ನಗು ತಡೆಯಲಿಲ್ಲ. "ನೀರ್ರಿ, ಅಮ್ಮಾರ! ವಿಪರೀತ ಅಂದ್ರ ಮೊದಲು 'ಭಾಳ' ಅಂತ ಇರಲಿಲ್ರಿ. ಸಂಸ್ಕೃತದಾಗ 'ಇತ' ಅಂದ್ರ ಹೋದದ್ದು. ಅದರ ಮುಂದ 'ವಿ', 'ಪರಿ' ಸೇರಿ, ತಿರುಗಿ ಉಲ್ಟಾ ಹೋದದ್ದು ಅಂತಾತು. ಮಳಿ ವಿಪರೀತ, ಸೆಕಿ ವಿಪರೀತ ಅನ್ಕೋತ ನಾವು ಅದನ್ನ 'ಭಾಳ' ಮಾಡ್ಕೊಂಡೀವಿ."

"ನಿಮ್ಮಪ್ಪ ಉಲ್ಟಾ ಏನು ಹೋಗ್ಯಾರ?"

"ರೊಟ್ಟಿ ಬಡೀತಾರ."

ಹಾಲೇಶಪ್ಪನ ಮುಖ ಬಾಡಿತು. "ಹಂಗಾರ ಇಷ್ಟು ದಿನ ಮಂದಿ ನನ್ನ ಬೈತಿದ್ರೇನವ್ವ?"

ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಒಲೆ ಮುಂದೆ ಕೂತ. ಸಿಟ್ಟಿನ ಕೈ ಸುಮ್ಮನಿರದೆ ಹಿಟ್ಟು ನಾದಿತು, ಪಟಪಟ ಬಡಿಯಿತು. ಹೆಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತು. ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ ಹಂಪಮ್ಮ ಇನ್ನೊಂದು ಕೇಳಿ ಹಾಕಿಸಿಕೊಂಡಳು. ಆಮೇಲೆ ಸೋದರಳಿಯನ ಕಡೆ ತಿರುಗಿದಳು.

"ಲೇ ಬಸವರಾಜ, ನೀನೂ ಒಂದು ಬಡಿ, ನೋಡೂಣು."

ಬಿಳಿ ಅಂಗಿಯ ತೋಳು ಮಡಚಿ ಅವನು ಕೂತ. ಹಿಟ್ಟು ಕೈಗೆ ಹತ್ತಿತು, ಹಲಗೆಗೆ ಹತ್ತಿತು, ಬೆವರು ಒರೆಸಿಕೊಂಡಾಗ ಮೂಗಿಗೂ ಹತ್ತಿತು. ಆದರೂ ಮೇಲೇಳಲಿಲ್ಲ. "ಇನ್ನೊಂದು ಉಂಡಿ ಕೊಡ್ರಿ ಮಾವಾರ" ಅಂದ. ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ಅನ್ನದಾನಮ್ಮ ಮಗಳ ಮುಖ ನೋಡಿದಳು, ಕೇಳುವುದೇನೂ ಉಳಿದಿರಲಿಲ್ಲ.

ಮುಂದಿನ ಭಾನುವಾರ ಗುರುಬಸವರಾಜ ಒಬ್ಬನೇ ಬಂದ, ಕೈಯಲ್ಲಿ ಜೋಳದ ಹಿಟ್ಟಿನ ಚೀಲ. ಹಾಲೇಶಪ್ಪ ಲುಂಗಿ ಎತ್ತಿ ಕಟ್ಟಿ ಒಲೆ ಹಚ್ಚಿದ.

"ನೀರು ಕುದೀಲಿ ಅಳಿಯಂದ್ರ, ಅವಸರ ಮಾಡಬ್ಯಾಡ್ರಿ."