ಪಿಳ್ಳಪ್ಪನವರು ತಿರುಗಿಸಿ ಹೋದ ಆಂಟೆನಾಗಳು

ಕಳೆದ ಭಾನುವಾರ ಬೆಳಿಗ್ಗೆ ದೋಸೆ ತಿನ್ನುತ್ತಾ ಕೂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಮೊಬೈಲಿಗೆ ಫೋನ್ ಬಂತು.

"ಸಾರ್, ಕಾಣೆಯಾದವರು ಅಂತ ಟೀವೀಲಿ ಇಬ್ಬರನ್ನ ತೋರಿಸಿದ್ರಲ್ಲಾ, ಅದ್ರಲ್ಲಿ ಹಿಂದೆ ನಿಂತಿದ್ದವರು ನಮ್ಮ ಮನೆಗೆ ಬಂದಿದ್ರು."

"ಇಬ್ಬರಲ್ಲ ರೀ, ಒಬ್ಬರೇ" ಅಂದೆ.

"ಇಲ್ಲ ಸಾರ್, ಇಬ್ರು. ಒಂದೇ ಥರ ಇದ್ರು, ಅಣ್ಣ ತಮ್ಮ ಇರ್ಬೇಕು. ಮುಂದೆ ಇದ್ದವರನ್ನ ನಾನು ನೋಡಿಲ್ಲ. ಹಿಂದೆ ಸ್ವಲ್ಪ ಮಸುಕಾಗಿ ಇದ್ರಲ್ಲ, ಅವರೇ ಬಂದಿದ್ದು."

ಬಂದವರೂ ಹಾಗೇ ಮಸುಕಾಗಿ ಇದ್ದರಾ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ವಿಳಾಸ ಬರೆದುಕೊಂಡೆ. ದೋಸೆ ತಟ್ಟೆಯಲ್ಲೇ ಉಳಿಯಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ.

ನಾನು ಜೋಗುಪಾಳ್ಯದಲ್ಲಿ ಬಾಡಿಗೆಗಿರುವುದು ನಿಮಗೆ ಗೊತ್ತಿದೆ (ನಮ್ಮ ಬೀದಿಯ ನೀರಿನ ಜಗಳಗಳ ಬಗ್ಗೆ ಈ ಅಂಕಣದಲ್ಲಿ ಎಷ್ಟು ಸಲ ಕೊರೆದಿಲ್ಲ?). ಕೆಳಗಿನ ಮನೆಯಲ್ಲಿ ಓನರ್ ಪಿಳ್ಳಪ್ಪನವರು, ಅವರ ಹೆಂಡತಿ ಮುನಿಯಮ್ಮ, ಮಗಳು ಪುಷ್ಪ. ಜೋಗುಪಾಳ್ಯ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವ ಮನೆತನ.

ಪಿಳ್ಳಪ್ಪನವರಿಗೆ ಒಂದೇ ಒಂದು ಹುಚ್ಚು. ಆಂಟೆನಾ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಯಾರ ಟೀವಿ ಕೆಟ್ಟರೂ ಅವರನ್ನೇ ಕರೆಯುತ್ತಿದ್ದರು. ಲುಂಗಿ ಎತ್ತಿ ಕಟ್ಟಿ, ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿ, ಯಾರದೋ ತಾರಸಿ ಹತ್ತಿ ಪೈಪು ತಿರುಗಿಸಿ ಬರುತ್ತಿದ್ದರು. ಒಂದು ಲೋಟ ಕಾಫಿ ಕೊಟ್ಟರೆ ಸಾಕು. ಆಮೇಲೆ ಕೇಬಲ್ ಬಂತು. ಅವರನ್ನು ಕರೆಯುವವರು ಯಾರೂ ಉಳಿಯಲಿಲ್ಲ. ಅವರ ಮನೆಗೆ ಮಾತ್ರ ಕೇಬಲ್ ಹಾಕಿಸಲಿಲ್ಲ. "ಗಾಳೀಲಿ ಬರೋದನ್ನ ವೈರಲ್ಲಿ ಯಾಕೆ ತರುಸ್ಬೇಕು ಸಾರ್?" ಅನ್ನುತ್ತಿದ್ದರು.

ಹನ್ನೊಂದು ತಿಂಗಳ ಹಿಂದೆ, ಒಂದು ಮಧ್ಯಾಹ್ನ ಊಟ ಮುಗಿಸಿ, "ಹಿಂದಿನ ಬೀದೀಲಿ ಕರೀತಾವ್ರೆ, ಒಂದು ಆಂಟೆನಾ ತಿರುಗಿಸ್ಬುಟ್ಟು ಬತ್ತೀನಿ" ಅಂತ ಹೇಳಿ ಹೊರಟರು. ಬರಲಿಲ್ಲ.

ಪುಷ್ಪ ಮತ್ತು ನಾನು ಹಿಂದಿನ ಬೀದಿಯ ಮನೆಮನೆಗೂ ಹೋಗಿ ಕೇಳಿದೆವು. ಯಾರೂ ಕರೆದಿರಲಿಲ್ಲ. ಕರೆಯುವುದಾದರೂ ಯಾಕೆ? ಆ ಬೀದಿಯಲ್ಲಿ ಆಂಟೆನಾ ಇರುವ ಮನೆ ಒಂದೂ ಇಲ್ಲ.

ಪೊಲೀಸ್ ಕಂಪ್ಲೇಂಟ್ ಆಯಿತು. ಆಸ್ಪತ್ರೆಗಳು, ಶಿವಾಜಿನಗರದ ಬಸ್ ಸ್ಟ್ಯಾಂಡು, ಕಂಟೋನ್ಮೆಂಟ್ ಸ್ಟೇಷನ್ನಿನ ಪ್ಲಾಟ್‌ಫಾರಂ, ಎಲ್ಲ ಹುಡುಕಿದ್ದಾಯಿತು. ಪಿಳ್ಳಪ್ಪನವರ ತಮ್ಮಂದಿರು ಮೊದಲ ಆರು ತಿಂಗಳು ಓಡಾಡಿದರು. ಆಮೇಲೆ ಮೆತ್ತಗೆ ಇನ್ನೊಂದು ಮಾತು ಶುರುಮಾಡಿದರು. ವರ್ಷ ತುಂಬಿದ ಮೇಲೆ ಕಾಯುವುದು ಬೇಡ, ದೇಹದ ಬದಲು ದರ್ಭೆಯ ಗೊಂಬೆ ಮಾಡಿ ಕರ್ಮ ಮುಗಿಸಿಬಿಡೋಣ ಅಂತ. ಕರ್ಮ ಮುಗಿಸುವುದೆಂದರೆ ಮುನಿಯಮ್ಮನ ತಾಳಿ ತೆಗೆಸುವುದು. ಆಕೆ ಇಲ್ಲ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಟೀವೀಲಿ ಒಂದು ಸಲ ಬರಲಿ, ಆಮೇಲೆ ನೋಡೋಣ ಅಂದರು.

ಸರ್ಕಾರಿ ಚಾನೆಲ್ಲಿನಲ್ಲಿ ಸಂಜೆ ಹೊತ್ತು ಕಾಣೆಯಾದವರ ಪ್ರಕಟಣೆ ಬರುತ್ತದಲ್ಲ, ಅದು. ಅರ್ಜಿಯಲ್ಲಿ ಫೋನ್ ನಂಬರ್ ನನ್ನದು. ಫೋಟೋದ್ದೇ ಕಷ್ಟವಾಯಿತು. ಪಿಳ್ಳಪ್ಪನವರು ಕ್ಯಾಮೆರಾ ಕಂಡರೆ ಓಡುವ ಆಸಾಮಿ. ಅವರ ತಮ್ಮನ ಗೃಹಪ್ರವೇಶದ ಗ್ರೂಪ್ ಫೋಟೋದಿಂದ ಹಲಸೂರಿನ ಸ್ಟುಡಿಯೋದವನು ಅವರ ಮುಖವೊಂದನ್ನೇ ಕತ್ತರಿಸಿ ದೊಡ್ಡದು ಮಾಡಿಕೊಟ್ಟ.

ಆ ಫೋನ್ ಬರುವುದಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಪ್ರಕಟಣೆ ಬರುತ್ತದೆ ಅಂತ ಗೊತ್ತಾಯಿತು. ಅದೇ ವಾರ ಮೆಟ್ರೋದವರು ರಸ್ತೆ ಅಗೆದು ಇಡೀ ಬೀದಿಯ ಕೇಬಲ್ ಕಿತ್ತುಹೋಗಿತ್ತು. ಉಳಿದದ್ದು ಪಿಳ್ಳಪ್ಪನವರ ಆಂಟೆನಾ ಒಂದೇ. ಅದರಲ್ಲೋ, ಹಂಡ್ರೆಡ್ ಫೀಟ್ ರೋಡಿನಲ್ಲಿ ಗಾಜಿನ ಬಿಲ್ಡಿಂಗ್ ಎದ್ದ ಮೇಲೆ ಎಲ್ಲವೂ ಎರಡೆರಡು. ವಾರ್ತೆ ಓದುವ ಹೆಣ್ಣುಮಗಳ ಬಲಕ್ಕೆ, ಸ್ವಲ್ಪ ಹಿಂದೆ, ಇನ್ನೊಬ್ಬಳು ಮಸುಕಾಗಿ ಓದುತ್ತಿರುತ್ತಾಳೆ.

ಸಂಜೆ ನಾನು ತಾರಸಿಯಲ್ಲಿ, ಪುಷ್ಪ ಮೆಟ್ಟಿಲ ತಿರುವಿನಲ್ಲಿ, ಮುನಿಯಮ್ಮ ಟೀವಿ ಮುಂದೆ. (ಮೂವತ್ತು ದಾಟಿದವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ.) ನಾನು ಪೈಪು ತಿರುಗಿಸಿ "ಬಂತಾ?" ಅನ್ನುವುದು. ಪುಷ್ಪ ಅದನ್ನೇ ಕೆಳಗೆ ಕೂಗುವುದು. ಕೆಳಗಿನಿಂದ "ಬತ್ತಾ ಐತೆ", "ಹೋಯ್ತು", "ಇನ್ನೊಂಚೂರು". ದೂರದಲ್ಲಿ ಕಂಟೋನ್ಮೆಂಟ್ ಆಚೆ ಟೀವಿ ಟವರಿನ ಕೆಂಪು ದೀಪಗಳು ಹೊತ್ತಿಕೊಂಡವು. ಎಷ್ಟು ತಿರುಗಿಸಿದರೂ ಎರಡನೆಯ ನೆರಳು ಹೋಗಲೊಲ್ಲದು. ಹೊತ್ತಾಯಿತೆಂದು ಹಾಗೇ ಬಿಟ್ಟು ಇಳಿದೆ.

ಪ್ರಕಟಣೆ ಬಂತು. ಪಿಳ್ಳಪ್ಪ, ವಯಸ್ಸು ಅರವತ್ತೆರಡು, ಗೋಧಿ ಮೈಬಣ್ಣ. ಪರದೆಯಲ್ಲಿ ಪಿಳ್ಳಪ್ಪನವರು. ಅವರ ಬಲಕ್ಕೆ, ಸ್ವಲ್ಪ ಹಿಂದೆ, ಇನ್ನೊಬ್ಬ ಪಿಳ್ಳಪ್ಪನವರು. ಹತ್ತು ಸೆಕೆಂಡ್ ಇರಬಹುದು. ಮುಂದಿನ ಫೋಟೋ ಬಂತು, ಯಾರೋ ಶಾಲೆ ಹುಡುಗಿ.

ಪುಷ್ಪ ಅಳುತ್ತಿದ್ದಳು. ಮುನಿಯಮ್ಮ ಅಳಲಿಲ್ಲ.

"ಮುಂದೆ ಇದ್ದದ್ದು ಫೋಟೋ ಸಾರ್" ಅಂದರು. "ಹಿಂದೆ ಇದ್ದೋರು ನಮ್ಮನ್ನ ನೋಡ್ತಾ ಇದ್ರು."

ನಾನು ಹೆದರಿ ಟೀವಿ ಆರಿಸಿದೆ. ಸುಳ್ಳು ಯಾಕೆ ಹೇಳಲಿ?

ಮಾರನೆಯ ದಿನ ಹಲಸೂರಿನ ಟೀವಿ ರಿಪೇರಿ ಸೆಲ್ವಂ ಅವರನ್ನು ಕರೆತಂದೆ. ಇದಕ್ಕೆ ವಿಜ್ಞಾನ ಹೇಳುವವರು ಬೇಕಾಗಿತ್ತು ನನಗೆ. ಅವರು ಒಂದೇ ನಿಮಿಷದಲ್ಲಿ ಹೇಳಿದರು. "ಇದಕ್ಕೆ ಗೋಸ್ಟ್ ಅಂತಾನೇ ಹೆಸ್ರು ಸಾರ್. ಸಿಗ್ನಲ್ ಟವರಿಂದ ಸೀದಾ ಒಂದು ಸಲ ಬರ್ತದೆ, ಬಿಲ್ಡಿಂಗಿಗೆ ಹೊಡ್ದು ಇನ್ನೊಂದು ಸಲ ಬರ್ತದೆ. ಲೇಟಾಗಿ ಬಂದಿದ್ದು ಪಕ್ಕದಲ್ಲಿ ಕಾಣ್ತದೆ, ಅಷ್ಟೇ. ಮುಂದೆ ಟವರಿಂದಾನೇ ಡಿಜಿಟಲ್ ಬಿಡ್ತಾರಂತೆ. ಆವಾಗ ಗೋಸ್ಟೇ ಇಲ್ಲ. ಬಂದ್ರೆ ಕ್ಲೀನಾಗಿ ಬರ್ತದೆ, ಇಲ್ಲಾಂದ್ರೆ ಪೂರಾ ಬ್ಲಾಂಕು."

"ಅರ್ಧಂಬರ್ಧ ಬರೋದು ಇಲ್ವಾ?" ಮುನಿಯಮ್ಮ ಕೇಳಿದರು.

"ಇಲ್ಲಮ್ಮ. ಇದ್ರೆ ಇದೆ, ಇಲ್ಲಾಂದ್ರೆ ಇಲ್ಲ."

"ಹಂಗಾದ್ರೆ ನಂಗೆ ಅದು ಬ್ಯಾಡ" ಅಂದು ಆಕೆ ಒಳಗೆ ಹೋದರು. ಸೆಲ್ವಂ ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಇನ್ನು ಭಾನುವಾರದ ಫೋನಿಗೆ ಬರುತ್ತೇನೆ. ಮಾಡಿದವರು ಕೆ.ಆರ್. ಪುರದಲ್ಲಿ ಟೈಲರ್ ಅಂಗಡಿ ಇಟ್ಟಿರುವ ನಜೀರ್. ನಾನು, ಪುಷ್ಪ, ಮುನಿಯಮ್ಮ ಆಟೋ ಹಿಡಿದು ಹೊರಟೆವು. ಓಲ್ಡ್ ಮದ್ರಾಸ್ ರೋಡಿನ ಉದ್ದಕ್ಕೂ ಮುನಿಯಮ್ಮ ಸೆರಗಿನೊಳಗೆ ತಾಳಿ ಹಿಡಿದುಕೊಂಡೇ ಕೂತಿದ್ದರು.

ನಜೀರ್ ಒಳ್ಳೆಯ ಮನುಷ್ಯ. ಕೂರಿಸಿ, ನೀರು ಕೊಟ್ಟು ಹೇಳಿದರು. "ಎಂಟು ದಿನ ಆಯ್ತು ಸಾರ್. ಮಧ್ಯಾಹ್ನ ನಮಾಜ್ ಮುಗಿಸ್ಕೊಂಡು ಬಂದೆ, ಬಾಗಿಲಲ್ಲಿ ನಿಂತಿದ್ರು. ಟೀವಿ ಸರಿಯಾಗಿ ಬರ್ತಿದೆಯಾ ಅಂತ ಕೇಳಿದ್ರು. ಇಲ್ಲ ಅಂದೆ. ಸೀದಾ ಮೇಲೆ ಹೋದ್ರು, ತಿರುಗಿಸಿದ್ರು, ಇಳಿದು ಹೋದ್ರು. ಚಾ ಕುಡಿಯಿರಿ ಅಂದ್ರೂ ನಿಲ್ಲಲಿಲ್ಲ. ನಾವು ಯಾರನ್ನೂ ಕರೆದೇ ಇರಲಿಲ್ಲ."

ಟೀವಿ ಹಾಕಿ ತೋರಿಸಿದರು. ಕನ್ನಡಿಯಂಥ ಚಿತ್ರ. ನೆರಳಿಲ್ಲ, ಗೆರೆಯಿಲ್ಲ. ಯಾರೋ ರೈತರಿಗೆ ಸಲಹೆ ಕೊಡುತ್ತಿದ್ದರು, ಒಬ್ಬರೇ.

"ಮತ್ತೆ ಶುಕ್ರವಾರ ಇಬ್ಬರು ಹೇಗೆ ಕಂಡರು?" ಅಂದೆ.

ನಜೀರ್ ಟೀವಿ ನೋಡಿದರು, ನನ್ನನ್ನು ನೋಡಿದರು. "ಅವತ್ತು ಇಬ್ರೇ ಇದ್ರು ಸಾರ್. ನಮ್ಮ ಮನೆಯವಳನ್ನ ಕೇಳಿ ಬೇಕಾದ್ರೆ."

ಒಳಗಿನಿಂದ ಆಕೆಯೂ ಹೌದು ಅಂದರು.

ತಾರಸಿಗೆ ಹೋದೆವು. ಪೈಪನ್ನು ಗೋಡೆಯ ಕೊಕ್ಕೆಗೆ ಸೈಕಲ್ ಟ್ಯೂಬಿನಿಂದ ಬಿಗಿದಿತ್ತು. ಮೂರು ಸುತ್ತು, ತುದಿಯನ್ನು ಒಳಗೆ ಸೇರಿಸಿ ಗಂಟು. ಮುನಿಯಮ್ಮ ಅದನ್ನು ಮುಟ್ಟಿ "ಇವ್ರುದೇ" ಅಂದರು. ನಮ್ಮ ಮನೆಯ ಆಂಟೆನಾಕ್ಕೂ ಇದೇ ಗಂಟು, ನಾನೇ ಶುಕ್ರವಾರ ಉಗುರು ಮುರಿದುಕೊಂಡು ಬಿಚ್ಚಿದ್ದೆ. ಹಾಗಾದರೆ ಮನುಷ್ಯ ಬದುಕಿದ್ದಾರೆ. ಪುಷ್ಪ ಅಮ್ಮನನ್ನು ತಬ್ಬಿಕೊಂಡಳು. ನನಗೂ ಕಣ್ಣು ತುಂಬಿತು.

ಆಮೇಲೆ ಗಮನಿಸಿದೆ. ಆಂಟೆನಾದ ಮೂತಿ ಟವರಿನ ಕಡೆಗಿರಬೇಕು. ಕೆ.ಆರ್. ಪುರಕ್ಕೆ ಟವರು ಪಶ್ಚಿಮಕ್ಕೆ. ಇದು ಪೂರ್ವಕ್ಕೆ ತಿರುಗಿತ್ತು. ಟವರಿಗೆ ಬೆನ್ನು ಹಾಕಿ ನಿಂತ ಆಂಟೆನಾದಲ್ಲಿ ಅಂಥ ಚಿತ್ರ ಹೇಗೆ ಬರುತ್ತದೆ? ಆ ಕಡೆ ಇರುವುದಾದರೂ ಏನು?

"ಅಲ್ಲಿ ನೋಡಿ ಅಂಕಲ್" ಅಂದಳು ಪುಷ್ಪ.

ನಾಲ್ಕೈದು ಮನೆ ಆಚೆ ಇನ್ನೊಂದು ಆಂಟೆನಾ. ಅದೂ ಪೂರ್ವಕ್ಕೆ. ಅದರಾಚೆ ಮತ್ತೊಂದು. ಹೋಗಿ ವಿಚಾರಿಸಿದೆವು. ಹೌದು, ಒಬ್ಬ ಹಿರಿಯರು ಬಂದಿದ್ದರು. ಆರು ದಿನವಾಯಿತು. ಮುಂದಿನ ಮನೆಯಲ್ಲಿ ನಾಲ್ಕು ದಿನ. ಒಂದು ಮನೆಯವರು ನಕ್ಕರು. "ಆ ಆಂಟೆನಾಗೆ ವೈರೇ ಇಲ್ಲ ಸಾರ್, ಕಾಗೆ ಕೂರೋಕೆ ಬಿಟ್ಟಿದ್ದೀವಿ. ಆದ್ರೂ ತಿರುಗಿಸಿ ಹೋದ್ರು." ಟ್ಯೂಬು, ಮೂರು ಸುತ್ತು, ಗಂಟು. ದಿನ ಕಡಿಮೆಯಾಗುತ್ತಾ ಬಂತು. ಮಂಡಿನೋವಿನ ಮುನಿಯಮ್ಮ ನಮಗಿಂತ ಮುಂದೆ ನಡೆಯುತ್ತಿದ್ದರು. ಇನ್ನು ಒಂದೇ ದಿನ ಹಿಂದಿದ್ದೇವೆ, ಸಂಜೆಯೊಳಗೆ ಸಿಕ್ಕೇ ಸಿಗುತ್ತಾರೆ ಅಂತ ನನ್ನ ಲೆಕ್ಕ.

ಲೇಔಟಿನ ಕೊನೆಯ ಮನೆ. ಆಚೆಗೆ ಮನೆಗಳಿಲ್ಲ, ಬರೀ ಖಾಲಿ ಸೈಟುಗಳು, ಗಡಿಕಲ್ಲು, ಮುಳ್ಳುಗಿಡ. ಅಂಗಳದಲ್ಲಿ ನಿಂತಿದ್ದ ಹೆಂಗಸು ನಮ್ಮ ಕೈಯಲ್ಲಿದ್ದ ಫೋಟೋ ನೋಡಿ, "ನಿನ್ನೆ ಬಂದಿದ್ರು" ಅಂದರು.

"ಎಷ್ಟು ಹೊತ್ತಿಗೆ ಹೋದ್ರು? ಯಾವ ಕಡೆ?"

ಆಕೆ ತಾರಸಿಯ ಕಡೆ ನೋಡಿದರು. "ಹತ್ತಿದ್ದು ನೋಡಿದೆ. ಇಳಿದಿದ್ದು ನೋಡ್ಲಿಲ್ಲ."

"ನೀವು ಒಳಗೆ ಹೋಗಿರ್ತೀರ ಆಂಟಿ" ಅಂದಳು ಪುಷ್ಪ.

"ಇಲ್ಲಮ್ಮ. ಮೆಟ್ಟಿಲ ಬುಡದಲ್ಲೇ ಕೂತು ಸೊಪ್ಪು ಬಿಡಿಸ್ತಾ ಇದ್ದೆ. ಇರೋದು ಅದೊಂದೇ ಮೆಟ್ಟಿಲು. ಕತ್ತಲಾಗೋವರೆಗೂ ಇಳೀಲಿಲ್ಲ. ಮೇಲೆ ಹೋಗಿ ನೋಡಿದ್ರೆ ಯಾರೂ ಇಲ್ಲ. ಯಾರಿಗೆ ಹೇಳ್ಲಿ? ಹೇಳಿದ್ರೆ ನಂಬ್ತಾರಾ?" ಅಂದು ಮೆಟ್ಟಿಲ ಕಡೆ ಕೈ ತೋರಿಸಿದರು. "ಚಪ್ಪಲಿ ಹಂಗೇ ಐತೆ. ನಾನು ಮುಟ್ಟಿಲ್ಲ."

ಹವಾಯಿ ಚಪ್ಪಲಿ. ಎಡಗಾಲಿನ ಪಟ್ಟಿಯನ್ನು ಆಂಟೆನಾ ವೈರಿನ ತುಂಡಿನಿಂದ ಕಟ್ಟಿತ್ತು. ಪುಷ್ಪ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

ನಾನು ಮೇಲೆ ಹೋದೆ. ಒಣಹಾಕಿದ ಎರಡು ಸೀರೆ, ಸಿಂಟೆಕ್ಸ್ ಟ್ಯಾಂಕು, ಪೂರ್ವಕ್ಕೆ ತಿರುಗಿದ ಆಂಟೆನಾ. ಟ್ಯಾಂಕಿನ ಹಿಂದೆ ನೋಡಿದೆ. ಮುಚ್ಚಳ ತೆಗೆದು ಒಳಗೂ ನೋಡಿದೆ (ಇದನ್ನು ಪುಷ್ಪಾಗೆ ಹೇಳಿಲ್ಲ). ಪ್ಯಾರಾಪೆಟ್ಟಿನಿಂದ ನಾಲ್ಕೂ ಕಡೆ ಬಗ್ಗಿ ನೋಡಿದೆ. ಹಾರಿ ದಾಟಲು ಪಕ್ಕದಲ್ಲಿ ತಾರಸಿಯಿಲ್ಲ. ಬಿದ್ದ ಗುರುತಿಲ್ಲ, ಮುರಿದ ಗಿಡವಿಲ್ಲ. ಆಂಟೆನಾದ ಮೂತಿ ತೋರಿಸುವ ದಿಕ್ಕಿಗೆ ಕಣ್ಣು ಕಿರಿದು ಮಾಡಿ ಎಷ್ಟೋ ಹೊತ್ತು ನಿಂತೆ. ಬಿಸಿಲು, ಬಯಲು, ಅಷ್ಟೇ.

ಹುಡುಕಲು ನಾಳೆ ಮತ್ತೆ ಪೊಲೀಸರ ಜೊತೆ ಹೋಗುತ್ತಿದ್ದೇವೆ. ಆ ಹೆಂಗಸು ಒಂದು ಗಳಿಗೆ ಎದ್ದು ಹೋಗಿರಬೇಕು, ಪಿಳ್ಳಪ್ಪನವರು ಬರಿಗಾಲಲ್ಲಿ ಇಳಿದು ನಡೆದಿರಬೇಕು. ಹೀಗೆಂದು ನಾನು ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತಿದ್ದೇನೆ. ನಜೀರ್ ಮನೆಯ ಟೀವಿಯಲ್ಲಿ ಕಂಡ ಇಬ್ಬರ ಬಗ್ಗೆ ಹೇಳಿಕೊಳ್ಳಲು ಇನ್ನೂ ಏನೂ ಸಿಕ್ಕಿಲ್ಲ. ವರ್ಷ ತುಂಬಲು ಇಪ್ಪತ್ತು ದಿನ ಇದೆ. ಪಿಳ್ಳಪ್ಪನವರ ತಮ್ಮಂದಿರು ಪುರೋಹಿತರನ್ನು ಗೊತ್ತುಮಾಡಿ, ಇವತ್ತು ಸಂಜೆ ಕೇಳಲು ಬಂದಿದ್ದರು. ಮುನಿಯಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದರು.

ಆಕೆ ಕೇಳಿದ್ದು ನನ್ನನ್ನು, ಅದೂ ಭಾನುವಾರವೇ, ಆ ಕೊನೆಯ ಮನೆಯ ಮೆಟ್ಟಿಲ ಬುಡದಲ್ಲಿ ಚಪ್ಪಲಿಯ ಪಕ್ಕ ಕೂತು. ಉತ್ತರ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಬರೆಯಿರಿ.

"ಇಳಿದಿಲ್ಲ ಅಂದ್ರೆ ಇನ್ನೂ ಮೇಲೇ ಅವ್ರೆ ಅಂತ ತಾನೆ ಸಾರ್?"